ಮಾತ್ರೆಯ ಒನ್ ಬೈ ಟು

ಕಳೆದ ಗುರುವಾರ ಶ್ವಾಸಕೋಶದ ಒಂದು ಹೊಸ ಔಷಧದ ಮಾರಾಟಕ್ಕೆ ಅನುಮತಿ ಸಿಕ್ಕಿತು. ಸುದ್ದಿ ಸಂಜೆ ನಮ್ಮ ಡೆಸ್ಕಿಗೆ ಬಂತು. ಕಂಪನಿಯ ಪ್ರಕಟಣೆಯ ಜೊತೆ ಮಾತ್ರೆಯ ಚಿತ್ರವೂ ಇತ್ತು. ಇಟ್ಟಿಗೆ ಬಣ್ಣದ ಉದ್ದನೆಯ ಮಾತ್ರೆ, ನಡುವೆ ಅಡ್ಡಕ್ಕೆ ಒಂದು ಗೆರೆ. ವೈದ್ಯರು ಹೇಳಿದರೆ ಗೆರೆಯ ಬಳಿ ಮುರಿದು ಅರ್ಧ ತೆಗೆದುಕೊಳ್ಳಬಹುದು ಎಂದು ಕೆಳಗೆ ಸೂಚನೆ. ಸುದ್ದಿಯನ್ನು ಕೆಲವೇ ಸಾಲಿಗೆ ಇಳಿಸಿ ಒಳಪುಟಕ್ಕೆ ಕಳಿಸಿದೆ. ಚಿತ್ರವನ್ನು ಮಾತ್ರ ಬಹಳ ಹೊತ್ತು ಮುಚ್ಚಲಿಲ್ಲ. ಅದೇ ಮಾತ್ರೆಯನ್ನು ಗೆರೆ ಇಲ್ಲದ ಕಾಲದಲ್ಲಿ ನಾನು ನೋಡಿದ್ದೆ.

ಆಗ ನಾನು ಮಾಟುಂಗದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿದ್ದೆ. ಪಕ್ಕದ ಮನೆಯವರನ್ನು ಇಡೀ ಬಿಲ್ಡಿಂಗು ಮ್ಯಾನೇಜರ್ ಮಾಮ ಎನ್ನುತ್ತಿತ್ತು. ಉಡುಪಿಯ ಕಡೆಯವರು. ಎರಡು ಬೀದಿ ಆಚೆಯ ಹೋಟೆಲಿನ ಭಟ್ಟಿಯ ಮುಂದೆ ಶುರುಮಾಡಿ ಕೌಂಟರಿನವರೆಗೆ ಬಂದು ನಿವೃತ್ತರಾಗಿದ್ದರು. ಮಾಮಿಯೂ ಅವರೂ ಇಬ್ಬರೇ ಮನೆಯಲ್ಲಿ.

ಆ ವರ್ಷಗಳಲ್ಲಿ ಪತ್ರಿಕೆಯ ವಾರದ ವಿಜ್ಞಾನ ಪುಟ ನನ್ನ ಪಾಲಿಗಿತ್ತು. ಅವಿಭಾಜ್ಯ ಸಂಖ್ಯೆಗಳ ನಡುವಿನ ಅಂತರ, ಡಿಕ್ಕಿ ಹೊಡೆದ ಕಪ್ಪುಕುಳಿಗಳು, ಕಾಡಿನಂಚಿನ ಚಿರತೆಗಳನ್ನು ಕ್ಯಾಮೆರಾದಲ್ಲಿ ಎಣಿಸುವವರು, ಹೊಸ ಔಷಧಗಳು... ಎಲ್ಲವೂ ಒಂದೇ ಪುಟದಲ್ಲಿ. ಮಾಮ ಅದನ್ನು ಪೂರ್ತಿ ಓದಿ, ಮರುದಿನ ಮೆಟ್ಟಿಲಲ್ಲಿ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದರು.

“ಕೋಟ್ಯಂತರ ವರ್ಷದ ಹಿಂದೆ ಎರಡು ಕಪ್ಪುಕುಳಿ ಡಿಕ್ಕಿ ಹೊಡೆದದ್ದು ಗೊತ್ತಾಗ್ತದೆ ನಿಮ್ಮವರಿಗೆ. ದಾದರ್‌ನಲ್ಲಿ ನಿಂತ ಲೋಕಲ್ ಯಾವಾಗ ಹೊರಡ್ತದೆ ಅಂತ ಒಬ್ಬನಿಗೂ ಗೊತ್ತಿಲ್ಲ ಮಾರಾಯ್ರೆ!”

ನಗುತ್ತಿದ್ದರು. ನಗು ಕೆಮ್ಮಾಗುತ್ತಿತ್ತು. ಕೆಮ್ಮು ನಿಲ್ಲಲು ಹೊತ್ತು ಹಿಡಿಯುತ್ತಿತ್ತು.

ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಅದು. ಗುಣಪಡಿಸುವ ಔಷಧ ಇರಲಿಲ್ಲ. ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೊಸ ಔಷಧದ ಟ್ರಯಲ್ ನಡೆಯುತ್ತಿತ್ತು. ಮಾಮ ಅದಕ್ಕೆ ಸೇರುವ ಮುನ್ನ ಒಪ್ಪಿಗೆಯ ಕಾಗದವನ್ನು ನನ್ನಿಂದ ಓದಿಸಿದರು. ಕೆಲವರಿಗೆ ನಿಜವಾದ ಔಷಧ, ಉಳಿದವರಿಗೆ ನೋಡಲು ಅದೇ ತರದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರುವುದಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕೊಟ್ಟರೆ ಟ್ರಯಲ್‌ನಿಂದ ಹೊರಗೆ.

“ಅಂದರೆ ಅಡುಗೆಯವನಿಗೆ ಗೊತ್ತಿಲ್ಲ, ಸಪ್ಲೈಯರಿಗೆ ಗೊತ್ತಿಲ್ಲ, ತಿನ್ನುವವನಿಗೂ ಗೊತ್ತಿಲ್ಲ,” ಎಂದರು ಮಾಮ. “ಇಂಥ ಹೋಟೆಲ್ ನಾನು ಕಂಡದ್ದಿಲ್ಲ.” ಹೇಳಿ ಸಹಿ ಹಾಕಿದರು.

ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಹೊಸ ಬಾಟಲಿ ತರಬೇಕಿತ್ತು. ಒಮ್ಮೆ ವಿಜ್ಞಾನ ಪುಟದ ಕೆಲಸಕ್ಕೆಂದು ನಾನೂ ಜೊತೆಗೆ ಹೋದೆ. ಅಲ್ಲಿ ಅವರ ಪಕ್ಕದಲ್ಲಿ ಟೇಲರ್ ಚಾಚಾ ಕುಳಿತಿದ್ದರು. ವಿಜಯಪುರದ ಕಡೆಯವರು, ಆಂಟಾಪ್ ಹಿಲ್‌ನಲ್ಲಿ ಹೊಲಿಗೆ ಅಂಗಡಿ. ಅದೇ ಕಾಯಿಲೆ, ಅದೇ ಟ್ರಯಲ್, ಅದೇ ದಿನ. ನನ್ನನ್ನು ಬಿಟ್ಟರೆ ಆ ಕಾರಿಡಾರಿನಲ್ಲಿ ಕನ್ನಡ ಮಾತಾಡುವವರು ಅವರಿಬ್ಬರೇ.

“ನಿಮ್ಮ ಮಂದಿ ಸಾಂಬಾರಿಗೆ ಬೆಲ್ಲ ಹಾಕ್ತೀರಿ. ಗುಳಿಗಿಗೆ ಸಕ್ಕರಿ ತುಂಬೂದೂ ನೀವ ಕಲಿಸಿರೇನ್ರೀ ಇವರಿಗೆ?” ಎಂದು ಚಾಚಾ ಕೇಳಿದರು.

“ಉಳಿದ ಬಟ್ಟೆ ಎಲ್ಲಿಗೆ ಹೋಗ್ತದೆ ಅಂತ ನಾನು ನಿಮ್ಮ ಅಂಗಡಿಗೆ ಬಂದು ಕೇಳಿದ್ದುಂಟಾ?”

ಇಬ್ಬರೂ ನಕ್ಕರು. ಇಬ್ಬರೂ ಕೆಮ್ಮಿದರು. ನರ್ಸ್ ಬಾಗಿಲಿನಿಂದ ತಲೆ ಹಾಕಿ ನೋಡಿದರು.

ಬೇಸಿಗೆಯ ಹೊತ್ತಿಗೆ ಮಾಮನಲ್ಲಿ ಬದಲಾವಣೆ ಕಂಡಿತು. ಮೊದಲನೇ ಮಹಡಿಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದವರು ನಿಲ್ಲದೆ ಮೇಲೆ ಬರತೊಡಗಿದರು. ಮಾಮಿ ಬಾಗಿಲಲ್ಲಿ ನಿಂತು ಅವರ ಹೆಜ್ಜೆಯ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಇದರ ಬಗ್ಗೆ ಯಾರೂ ಮಾತಾಡಲಿಲ್ಲ. ಮಾತಾಡಿದರೆ ನಿಂತುಹೋದೀತು ಎಂಬಂತೆ...

ಮಳೆಗಾಲ ಮುಗಿದ ಮೇಲಿನ ಒಂದು ಸೋಮವಾರ ಬೆಳಿಗ್ಗೆ ಮಾಮಿ ನಮ್ಮ ಬಾಗಿಲು ಬಡಿದರು. “ಸ್ವಲ್ಪ ಬನ್ನಿ. ಫೋನ್ ಬಂದಾಗಿನಿಂದ ಇವರು ಮಾತೇ ಆಡ್ತಾ ಇಲ್ಲ.”

ಫೋನ್ ಮಾಡಿದ್ದು ಟೇಲರ್ ಚಾಚಾನ ಮಗಳು. ಚಾಚಾನ ಕಣ್ಣು ಹಳದಿಯಾಗಿತ್ತು. ಎರಡು ದಿನದಿಂದ ಅದೇ ಆಸ್ಪತ್ರೆಯ ವಾರ್ಡಿನಲ್ಲಿದ್ದರು. ಯಕೃತ್ತಿಗೆ ಏಟು ಬಿದ್ದಿತ್ತು. ಟ್ರಯಲ್‌ನ ಔಷಧದಿಂದ ಹೀಗಾಯಿತೇ ಎಂದು ತಿಳಿಯಲು ಡಾಕ್ಟರರು ಅವರ ಹೆಸರಿನ ಗುಟ್ಟನ್ನು ತೆರೆದು ನೋಡಿದ್ದರು. ಅವರ ಬಾಟಲಿಯಲ್ಲಿದ್ದದ್ದು ಔಷಧವಿಲ್ಲದ ಮಾತ್ರೆ. ಹಾಗಾದರೆ ಕಾರಣ ಬೇರೆ, ಪಿತ್ತನಾಳದಲ್ಲಿ ಏನೋ ಅಡ್ಡ ಬಂದಿರಬೇಕು ಎಂದು ತೀರ್ಮಾನವಾಗಿತ್ತು. ಅಂದು ಮಧ್ಯಾಹ್ನ ಮಂಪರು ಬರಿಸಿ, ಗಂಟಲಿನ ಮೂಲಕ ಕೊಳವೆ ಇಳಿಸಿ ನೋಡುವವರಿದ್ದರು. ಅವರ ಶ್ವಾಸಕೋಶ ಮಂಪರನ್ನು ತಡೆಯದೇ ಹೋಗಬಹುದು ಎಂದೂ ಮನೆಯವರಿಗೆ ಹೇಳಿದ್ದರು.

“ನಮ್ಮ ಅಬ್ಬಾ ನಿಮಗ ಹೇಳಬ್ಯಾಡ ಅಂದಾರ. ನಾನ ಹೇಳಾಕತ್ತೀನಿ. ದುವಾ ಮಾಡ್ರಿ,” ಎಂದಿದ್ದಳಂತೆ ಮಗಳು.

ಇಷ್ಟನ್ನು ಹೇಳಿ ಮಾಮ ಕಿಟಕಿಯ ಕಡೆ ನೋಡಿದರು. “ಅವರು ತಿಂದದ್ದು ಸಕ್ಕರೆಯಲ್ಲ. ನನ್ನ ಮಾತ್ರೆ ತಿಂದದ್ದು,” ಎಂದರು.

ಎರಡನೇ ತಿಂಗಳಿನಿಂದಲೂ ನಡೆದಿತ್ತು. ಬಾಟಲಿ ಸಿಕ್ಕಿದ ದಿನ ಇಬ್ಬರೂ ಮಾಮನ ಹಳೆಯ ಹೋಟೆಲಿಗೆ ಬಂದು, ಹಿಂದಿನ ಮೂಲೆಯ ಟೇಬಲ್ಲಿನಲ್ಲಿ ಕುಳಿತು, ಒಂದು ಕಾಫಿಯನ್ನು ಒನ್ ಬೈ ಟು ತರಿಸುತ್ತಿದ್ದರು. ಯಾರದು ನಿಜ, ಯಾರದು ಸಕ್ಕರೆ ಎಂಬ ಮಾತು ಅಲ್ಲಿ ಬಂತು. ಹಾಗಾದರೆ ಮಾತ್ರೆಯನ್ನೂ ಒನ್ ಬೈ ಟು ಮಾಡುವಾ, ಇಬ್ಬರಿಗೂ ಅರ್ಧವಾದರೂ ನಿಜದ್ದು ಸಿಗ್ತದೆ ಎಂದು ಮಾಮನೇ ಹೇಳಿದರು. ಚಾಚಾ ಒಪ್ಪಿದರು. ಸ್ಟೀಲಿನ ತಟ್ಟೆಯ ಮೇಲೆ ಮಾಮನ ಅಡಕತ್ತರಿಯಿಂದ ಎರಡೂ ಬಾಟಲಿಯ ಒಂದೊಂದು ಮಾತ್ರೆ ಕತ್ತರಿಸಿದರು. ಹೊರಗಿನಿಂದ ಒಂದೇ ಬಣ್ಣ. ಒಳಗೆ ಮಾಮನದು ಹಳದಿ, ನಾಲಿಗೆಗೆ ಇಟ್ಟರೆ ಕಡು ಕಹಿ. ಚಾಚಾನದು ಸೀಮೆಸುಣ್ಣದಂತೆ ಬಿಳಿ.

ಇಬ್ಬರಿಗೂ ತಿಳಿಯಿತು.

“ಅವರು ತಟ್ಟೆಯನ್ನು ನನ್ನ ಕಡೆ ದೂಡಿದರು. ಸಾಕ್ರೀ, ನಿಮ್ಮದು ನೀವ ತಗೋರಿ ಅಂತ,” ಎಂದರು ಮಾಮ.

“ನೀವೇನು ಹೇಳಿದಿರಿ?”

“ಆರ್ಡರ್ ಒಳಗೆ ಹೋದ ಮೇಲೆ ಕ್ಯಾನ್ಸಲ್ ಉಂಟಾ ಮಾರಾಯ್ರೆ?”

ಅಂದಿನಿಂದ ಪ್ರತಿ ತಿಂಗಳೂ ಎರಡೂ ಬಾಟಲಿಯ ಮಾತ್ರೆಗಳನ್ನೆಲ್ಲ ಅಲ್ಲೇ ಕತ್ತರಿಸಿ, ಬಿಳಿ ತುಂಡನ್ನೂ ಅರ್ಧ ಹಂಚಿಕೊಂಡೇ ನುಂಗುತ್ತಿದ್ದರಂತೆ. ಒನ್ ಬೈ ಟು ಅಂದ ಮೇಲೆ ಎರಡೂ ಒನ್ ಬೈ ಟು ಎಂಬುದು ಮಾಮನ ವಾದ. ವಾರ್ಡಿನಲ್ಲಿ ಮಲಗಿದ್ದ ಚಾಚಾ ಡಾಕ್ಟರಿಗೆ ಯಾಕೆ ಹೇಳಿಲ್ಲ ಎಂದು ನಾನು ಕೇಳಬೇಕಾಗಲಿಲ್ಲ.

“ಈಗ ನಾನು ಹೇಳಿದರೆ ನನ್ನದು ಬಂದ್ ಆಗ್ತದೆ. ಅಲ್ವಾ?”

“ಹೌದು,” ಎಂದೆ. ಆ ನಿಯಮವನ್ನು ಅವರಿಗೆ ಓದಿ ಹೇಳಿದವನು ನಾನೇ.

ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಳಗೆ ಹೋದರು. ನಲ್ಲಿಯ ನೀರು ಸುಮ್ಮನೆ ಹರಿಯುವ ಸದ್ದು ಬಂತು, ತುಂಬ ಹೊತ್ತು ಬಂತು. ಹೊರಗೆ ಬಂದಾಗ ಅವರ ಕೈಯಲ್ಲಿ ಮಾಮನ ಇಸ್ತ್ರಿ ಮಾಡಿದ ಶರ್ಟು ಇತ್ತು.

“ಟ್ಯಾಕ್ಸಿ ಮಾಡಿ. ಬಸ್ಸಿನಲ್ಲಿ ಕರ್ಕೊಂಡು ಹೋಗ್ಬೇಡಿ ಇವರನ್ನು,” ಎಂದರು ನನಗೆ.

ಟ್ರಯಲ್‌ನ ಡಾಕ್ಟರಮ್ಮನಿಗೆ ನಾನು ಮತ್ತೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಆಸ್ಪತ್ರೆಯ ಬೋರ್ಡಿನ ನಂಬರು ಎಂಗೇಜ್. ಚಾಚಾನ ಮಗಳು ಫೋನ್ ಎತ್ತಿದಳು, ಆದರೆ ಅವಳನ್ನು ವಾರ್ಡಿನ ಹೊರಗೆ ಕಳಿಸಿದ್ದರು, ಒಳಗೆ ಬಿಡುತ್ತಿರಲಿಲ್ಲ. ದಾದರ್ ಟಿ.ಟಿ. ಸರ್ಕಲ್ಲಿನಲ್ಲಿ ಟ್ಯಾಕ್ಸಿ ನಿಂತಿತು. ಮುಂದೆ ರಸ್ತೆ ಅಗೆದಿದ್ದರು. ಮಾಮ ಒಂದು ಮಾತೂ ಆಡಲಿಲ್ಲ. ಮಾತಿಗೆ ಬೇಕಾದ ಉಸಿರನ್ನು ಉಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಆಮೇಲೆ ಹೊಳೆಯಿತು.

ಆಸ್ಪತ್ರೆಯ ಲಿಫ್ಟನ್ನು ಸ್ಟ್ರೆಚರಿಗಾಗಿ ಹಿಡಿದಿದ್ದರು. ನಾನು ಓಡಿ ಹೋಗಿ ಹೇಳುತ್ತೇನೆ, ನೀವು ಇಲ್ಲೇ ಕುಳಿತಿರಿ ಎಂದೆ. ಮಾಮ ಬೇಡವೆಂದು ತಲೆಯಾಡಿಸಿದರು. “ನೀವು ಹೇಳಿದರೆ ಪೇಪರಿನವರು ಹೇಳಿದ್ದು ಅಂತ ಆಗ್ತದೆ. ಅವರು ನನ್ನನ್ನೇ ಕೇಳ್ಬೇಕಲ್ಲ?” ಎಂದು ಮೆಟ್ಟಿಲು ಹಿಡಿದರು. ಆ ದಿನ ಅವರು ಪ್ರತಿ ತಿರುವಿನಲ್ಲೂ ನಿಂತರು. ನಾನು ಹಿಂದೆ ಇದ್ದೆ. ಅವರ ಶರ್ಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಡಾಕ್ಟರಮ್ಮ ತಮ್ಮ ಕೋಣೆಯಲ್ಲಿದ್ದರು, ಕೈಯಲ್ಲಿ ಬೇರೊಬ್ಬ ರೋಗಿಯ ಎಕ್ಸ್-ರೇ. ಮಾಮ ಜೇಬಿನಿಂದ ಬಾಟಲಿಯನ್ನೂ, ಕತ್ತರಿಸಿದ ತುಂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿಯನ್ನೂ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ಬಿಚ್ಚಿದರು. ಹಳದಿ ತುಂಡುಗಳು, ಬಿಳಿ ತುಂಡುಗಳು.

“ಆಧಾ ಮೇರಾ, ಆಧಾ ಟೇಲರ್ ಕಾ,” ಎಂದರು. “ದೋನೋ ನೇ ಖಾಯಾ.” ಅರ್ಧ ನನ್ನದು, ಅರ್ಧ ಟೇಲರರದು, ಇಬ್ಬರೂ ತಿಂದೆವು.

ಆಕೆ ಡಬ್ಬಿಯನ್ನು ನೋಡಿದರು. “ಕ್ಯಾ ಕಿಯಾ ಕಾಕಾ ಆಪ್ ನೇ...” ಎಂದವರು ಮಾತು ಮುಗಿಸದೆ ಫೋನ್ ಎತ್ತಿದರು. ವಾರ್ಡಿನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಮತ್ತೆ ಒತ್ತಿದರು. ಆಮೇಲೆ ರಿಸೀವರನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಕಾರಿಡಾರಿಗೆ ಓಡಿದರು. “ಥಾಂಬವಾ! ತ್ಯಾಂನಾ ಥಾಂಬವಾ!” ಎಂದು ಮರಾಠಿಯಲ್ಲಿ ಕೂಗುತ್ತಿದ್ದದ್ದು ನಮಗೆ ಕೇಳಿಸಿತು. ನಿಲ್ಲಿಸಿ, ಅವರನ್ನು ನಿಲ್ಲಿಸಿ.

ರಿಸೀವರಿನಲ್ಲಿ ರಿಂಗ್ ಆಗುತ್ತಲೇ ಇತ್ತು. ಮಾಮ ಅದನ್ನು ನೋಡುತ್ತ ಕುಳಿತರು. ಯಾರೋ ಎತ್ತಿ “ಹಲೋ, ಹಲೋ” ಎಂದರು, ನಾನು ಕೈ ಚಾಚುವಷ್ಟರಲ್ಲಿ ಇಟ್ಟರು. ಮತ್ತೇನೂ ಗೊತ್ತಾಗಲಿಲ್ಲ.

ಆಕೆ ಹಿಂತಿರುಗಿದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಚಾಚಾನನ್ನು ಟ್ರಾಲಿಯ ಮೇಲೆ ಮಲಗಿಸಿದ್ದರು, ಮಂಪರು ಇನ್ನೂ ಕೊಟ್ಟಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಮಾಮನ ಹೆಸರಿನ ಗುಟ್ಟನ್ನೂ ತೆರೆದರು. ಪರದೆಯನ್ನು ನಮ್ಮ ಕಡೆ ತಿರುಗಿಸಲಿಲ್ಲ. ಬಾಟಲಿಯನ್ನೂ ಡಬ್ಬಿಯನ್ನೂ ಒಂದು ಲಕೋಟೆಗೆ ಹಾಕಿ ಅಂಟಿಸಿದರು.

“ನಿಮಗೆ ಗುಣ ಕಾಣುತ್ತಿತ್ತು, ಅಲ್ಲವೇ ಕಾಕಾ?” ಎಂದು ಮರಾಠಿಯಲ್ಲಿ ಕೇಳಿದರು.

“ಹೋ,” ಎಂದು ಮಾಮ ಒಪ್ಪಿಕೊಂಡರು.

ಹೋಗುವ ಮೊದಲು ಚಾಚಾನನ್ನು ನೋಡಲು ಬಿಟ್ಟರು. ವಾರ್ಡಿನ ಬಿಳಿ ಹಾಸಿಗೆಯ ಮೇಲೆ ಅವರ ಮುಖ ಇನ್ನೂ ಹಳದಿ ಕಂಡಿತು. ಸಿಟ್ಟಿನಲ್ಲಿದ್ದರು. ಮಾಮನನ್ನು ಕಂಡವರೇ ಮುಖ ಗೋಡೆಗೆ ತಿರುಗಿಸಿದರು.

“ಹೊಲಿದದ್ದನ್ನ ಬಿಚ್ಚಿಬಿಟ್ರಲ್ರೀ ಮ್ಯಾನೇಜರ್ ಸಾಹೇಬ್ರ.”

“ಅಳತೆ ತಪ್ಪಿತ್ತು ಮಾರಾಯ್ರೆ,” ಎಂದರು ಮಾಮ. “ಬಿಚ್ಚಲೇಬೇಕಿತ್ತು.”

ಚಾಚಾ ಆಮೇಲೂ ಈ ಕಡೆ ತಿರುಗಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದರು. ಮಾಮ ಅದನ್ನು ಹಿಡಿದುಕೊಂಡು, ನರ್ಸ್ ಬಂದು ಎಬ್ಬಿಸುವವರೆಗೂ ಮಂಚದ ತುದಿಯಲ್ಲಿ ಕುಳಿತಿದ್ದರು.

ಮಾತ್ರೆ ನಿಲ್ಲಿಸಿದ ಮೇಲೆ ಚಾಚಾನ ಕಣ್ಣಿನ ಹಳದಿ ನಿಧಾನವಾಗಿ ಇಳಿಯಿತು. ಕೊಳವೆ ಇಳಿಸುವ ಅಗತ್ಯ ಬೀಳಲಿಲ್ಲ. ಇಬ್ಬರ ಹೆಸರನ್ನೂ ಟ್ರಯಲ್‌ನಿಂದ ತೆಗೆದರು. ಟ್ರಯಲ್‌ನ ಹೊರಗಿನಿಂದಾದರೂ ಮಾಮನಿಗೆ ಔಷಧ ಕೊಡಲು ಅವಕಾಶವಿದೆಯೇ ಎಂದು ಡಾಕ್ಟರಮ್ಮ ಕಂಪನಿಗೆ ಬರೆದರು. ಇಲ್ಲ ಎಂದು ಉತ್ತರ ಬಂತು.

ಚಳಿಗಾಲದಲ್ಲಿ ಮಾಮ ಮತ್ತೆ ಮೊದಲನೇ ಮಹಡಿಯಲ್ಲಿ ನಿಲ್ಲತೊಡಗಿದರು. ಆಮೇಲೆ ಕೆಳಗೆ ಇಳಿಯುವುದನ್ನೇ ಬಿಟ್ಟರು. ವಿಜ್ಞಾನ ಪುಟವನ್ನು ಮಾಮಿ ಓದಿ ಹೇಳುತ್ತಿದ್ದರು. ಚಿರತೆಯ ಸುದ್ದಿ ಬಂದರೆ ಇನ್ನೊಮ್ಮೆ ಓದಿಸುತ್ತಿದ್ದರಂತೆ. ಮರುವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ತೀರಿಕೊಂಡರು. ಚಾಚಾನಿಗೆ ಎರಡು ಮಹಡಿ ಹತ್ತಲಾಗಲಿಲ್ಲ. ಕೆಳಗೆ ವಾಚ್‌ಮನ್ನಿನ ಕುರ್ಚಿಯಲ್ಲಿ ಕುಳಿತಿದ್ದು, ಮಾಮನನ್ನು ಇಳಿಸಿ ತಂದಾಗ ಎದ್ದು ನಿಂತರು.

ಔಷಧ ಮುಂದುವರಿದಿದ್ದರೆ ಮಾಮ ಇನ್ನಷ್ಟು ಕಾಲ ಇರುತ್ತಿದ್ದರೇ ಎಂದು ನಾನು ಡಾಕ್ಟರಮ್ಮನನ್ನು ಒಮ್ಮೆ ಕೇಳಿದ್ದೆ. ಒಬ್ಬ ರೋಗಿಯನ್ನು ನೋಡಿ ಏನನ್ನೂ ಹೇಳಲಾಗದು, ಅದಕ್ಕೇ ಟ್ರಯಲ್ ಮಾಡುವುದು ಎಂದರು. ಆ ಉತ್ತರದಲ್ಲಿ ತಪ್ಪಿರಲಿಲ್ಲ. ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸುವವರು ಇಲ್ಲದಿರುವುದಕ್ಕೆ ಮಾತ್ರ ನಾನು ಹೊಂದಿಕೊಳ್ಳಲಿಲ್ಲ. ಸ್ವಲ್ಪ ಕಾಲದಲ್ಲೇ ಘಾಟ್ಕೋಪರ್‌ಗೆ ಮನೆ ಬದಲಿಸಿದೆ.

ಮೊನ್ನೆ ಭಾನುವಾರ ಆಂಟಾಪ್ ಹಿಲ್‌ಗೆ ಹೋಗಿದ್ದೆ. ಚಾಚಾ ಕಿಟಕಿಯ ಬಳಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು, ಮೊಮ್ಮಗಳ ಶಾಲೆಯ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಔಷಧಕ್ಕೆ ಅನುಮತಿ ಸಿಕ್ಕಿದ ವಿಷಯ ಹೇಳಿದೆ. ಸೂಜಿ ನಿಲ್ಲಿಸಿ ಕೇಳಿದರು.

“ಮಾಮಿಗೆ ಹೇಳಿರೇನು?”

“ಇನ್ನೂ ಇಲ್ಲ.”

“ಪೇಪರಿನಾಗ ಓದಿ ತಿಳಕೊಳ್ಳೂದು ಬ್ಯಾಡ. ನೀವ ಹೋಗಿ ಹೇಳ್ರಿ,” ಎಂದರು. ಮತ್ತೆ ಹೊಲಿಯತೊಡಗಿದರು.

ಸೋಮವಾರ ಮಾಟುಂಗಕ್ಕೆ ಹೋಗಿ ಮಾಮಿಗೆ ಹೇಳಿದೆ. ಅವರು ಆಗಲೇ ಪೇಪರಿನಲ್ಲಿ ಓದಿದ್ದರು. ಸ್ಟೇಷನ್ ಎದುರಿನ ಔಷಧ ಅಂಗಡಿಗೆ ನಿನ್ನೆ ಆ ಮಾತ್ರೆ ಬಂದಿದೆ. ಯಕೃತ್ತು ತಡೆಯದ ಕಾರಣ ಟೇಲರ್ ಚಾಚಾನಿಗೆ ಅದನ್ನು ಕೊಡುವಂತಿಲ್ಲ.