ಬೀಗರಿಗೆಂದು ಎತ್ತಿಟ್ಟ ಜೀಪು

ಹುಣಸಗಿ ಕಡೆಯ ಒಂದು ಕಾಲುವೆ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ಅಂಬ್ರಪ್ಪ. ಅವನಿಗೆ ಎರಡು ವಿಷಯದಲ್ಲಿ ಬಲು ಹೆಮ್ಮೆ. ಸಂಘದ್ದೆಂದರೆ ಚಹಾ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿಕೊಂಡವನಲ್ಲ. ಮಗಳ ಮದುವೆಗೆ ವರದಕ್ಷಿಣೆ ಕೊಡುವವನಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮಗಳು ಅಮೃತಮ್ಮ ಶಹಾಪುರದಲ್ಲಿ ಶಾಲಾ ಶಿಕ್ಷಕಿ. ಅವಳನ್ನು ಸೊಸೆ ಮಾಡಿಕೊಳ್ಳಲು ದೋರನಹಳ್ಳಿಯ ಮರಿಲಿಂಗಪ್ಪ ಒಪ್ಪಿದ್ದ. ಅವನೂ ವರದಕ್ಷಿಣೆ ಕೇಳುವ ಪೈಕಿ ಅಲ್ಲ. ಸಂಘದ ಅಂಗಳದಲ್ಲಿದ್ದ ಹಳೆಯ ಜೀಪಿನ ಬಾನೆಟ್ ಮೇಲೆ ಕೈಯಾಡಿಸಿ, "ಹೊಲಕ್ಕ ಹೋಗಿ ಬರಾಕ ಇಂಥಾದೊಂದು ಇದ್ರ ಚಲೋ ನೋಡ್ರಿ ಬೀಗರ" ಎಂದನಷ್ಟೆ. ಅಂಬ್ರಪ್ಪನಿಗೆ ಅರ್ಥವಾಯಿತು. ಜೀಪಿಲ್ಲದೆ ಸಂಬಂಧ ನಿಲ್ಲುವುದಿಲ್ಲ ಎಂಬುದೂ ಅರ್ಥವಾಯಿತು.

ಸಂಘದ ಸಾಮಾನನ್ನು ಆನ್‌ಲೈನ್ ಹರಾಜಿನಲ್ಲೇ ಮಾರಬೇಕು, ಕೂಗಲು ಮೂವರಾದರೂ ಇರಬೇಕು. ಅಂಬ್ರಪ್ಪ ನಿಯಮ ಪಾಲಿಸುವ ಮನುಷ್ಯ. ಮೂವರನ್ನೂ ತಾನೇ ಹೊಂದಿಸಿದ. ಒಬ್ಬ ಮರಿಲಿಂಗಪ್ಪ, ಅಗ್ಗದಲ್ಲಿ ಗೆಲ್ಲಬೇಕಾದವನು. ಇನ್ನೊಬ್ಬ ಸಂಘದೆದುರು ಚಹಾ ಕಾಸುವ ಯಂಕಣ್ಣ. ಮೂರನೆಯವಳು ಸ್ವಂತ ಹೆಂಡತಿ ಮೋನಮ್ಮ. ಆಕೆ ಹೇಗೂ ಗೆಲ್ಲುವವಳಲ್ಲ. ಹರಾಜಿನ ಸೂಚನೆಯನ್ನು ಗೋಡೆಗೆ ಅಂಟಿಸಿ, ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದ.

"ಒಂದ ಸಲ ರೇಟ್ ಏರಸೂ ಗುಂಡಿ ಒತ್ತು. ಆಮ್ಯಾಲ ಫೋನ್ ಮುಟ್ಟಬ್ಯಾಡ" ಎಂದು ಹೆಂಡತಿಗೆ ಹೇಳಿ, ಹರಾಜಿನ ದಿನ ತನ್ನ ಮೊಬೈಲು ಬಂದ್ ಮಾಡಿ ಕಚೇರಿಯಲ್ಲಿ ಕೂತ. ಕೂಗುವವರ ಜೊತೆ ಕಾರ್ಯದರ್ಶಿ ಮಾತಾಡಿದ ಎಂಬ ಅಪವಾದ ಬರಬಾರದಲ್ಲ.

ಒಂದು ಸಲ ಎಂದಿದ್ದ; ಯಾವಾಗ ಎಂದು ಹೇಳಿರಲಿಲ್ಲ. ಮೋನಮ್ಮ ಜಾತ್ರೆಯಲ್ಲಿ ಊರಮ್ಮನ ಸೀರೆಯನ್ನು ಕೂಗಿ ಹರಾಜು ಹಾಕುವ ಸವಾಲು ನೋಡುತ್ತ ಬೆಳೆದವಳು. ಅಲ್ಲಿ ಬೀಗರಿಗಿಂತ ಮೊದಲು ನಮ್ಮವರು ಬಾಯಿ ತೆರೆಯುವಂತಿಲ್ಲ. ಬೀಗರು ಕೂಗಿದ ಮೇಲೆ ನಮ್ಮ ಕಡೆಯಿಂದ ಒಂದು ಸಲ ಏರಿಸಬೇಕು. ಇಲ್ಲದಿದ್ದರೆ ಯಾರಿಗೂ ಬೇಡವಾದದ್ದನ್ನು ಅವರ ಕೊರಳಿಗೆ ಕಟ್ಟಿದಂತೆ. ಆಮೇಲೆ ಬೀಗರು ಮತ್ತೆ ಕೂಗಿ ಠೀವಿಯಿಂದ ಒಯ್ಯುತ್ತಾರೆ. ಈ ಹರಾಜಿನಲ್ಲಿ ಮೊದಲು ಯಂಕಣ್ಣ ಒತ್ತಿದ, ಸಾಕಷ್ಟು ಹೊತ್ತಿನ ಮೇಲೆ ಮರಿಲಿಂಗಪ್ಪ ಒತ್ತಿದ. ಹರಾಜಿನ ಗಡುವಿಗೆ ಸ್ವಲ್ಪವೇ ಹೊತ್ತು ಉಳಿದಿತ್ತು. ಮೋನಮ್ಮ ರೊಟ್ಟಿಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮರ್ಯಾದೆಯಿಂದ ಒತ್ತಿದಳು.

ಮರಿಲಿಂಗಪ್ಪನೂ ಅದೇ ಸವಾಲಿನ ಮನುಷ್ಯ. ಹೆಬ್ಬೆರಳು ಎತ್ತಿಕೊಂಡು, "ಒಂದನೇ ಸಲ, ಎರಡನೇ ಸಲ" ಎಂಬ ಕೂಗಿಗಾಗಿ ಕಾದ. ಫೋನು ಕೂಗಲಿಲ್ಲ. ಹರಾಜು ಮುಗಿಯಿತು.

ಸಂಜೆಯೊಳಗೆ ಸದಸ್ಯರೆಲ್ಲರ ಮೊಬೈಲಿಗೂ ಸುದ್ದಿ ಬಂತು: ಜೀಪು ಮೋನಮ್ಮನಿಗೆ.

"ನೀವ ಹೇಳಿದಂಗ ಒಂದ ಸಲ ಒತ್ತೀನಿ" ಎಂದಳು ಆಕೆ. "ಬೀಗರಿಗಿಂತ ಮೊದಲ ನಾ ಹ್ಯಾಂಗ ಕೂಗ್ಲಿರಿ? ನಮ್ಮ ಮನಿತನಕ್ಕ ಒಂದು ರೀತಿ ಐತಿ."

ಸಂಘದ ಸಭೆಯಲ್ಲಿ ಅಂಬ್ರಪ್ಪ ಬೆವರಿದ. ಹೆಂಡತಿಗೆ ಜೀಪು ಕೊಡಿಸಲು ತಾನು ಹೂಡಿದ ಆಟವಲ್ಲ ಇದು ಎಂದು ಆಣೆ ಮಾಡಬಹುದಿತ್ತು, ಅದು ನಿಜವೂ ಹೌದು. ಆದರೆ ಹಾಗಾದರೆ ಯಾರಿಗೆ ಕೊಡಿಸಲು ಎಂದು ಹೇಳಬೇಕಾಗುತ್ತಿತ್ತು. "ನಂದೇನೂ ಇಲ್ರಿ, ಎಲ್ಲಾ ಕಂಪ್ಯೂಟರ್ ಮಾಡೈತಿ" ಎಂದ.

ಹಿಂದಿನ ಸಾಲಿನಿಂದ ಸದಸ್ಯೆ ಭೀಮಾಬಾಯಿ, "ಹಂಗಾರ ಆ ಕಂಪ್ಯೂಟರಿಗೂ ನಿಮ್ಮ ಮನಿ ದಾರಿ ಗೊತ್ತೈತಿ ಬಿಡ್ರಿ" ಎಂದಳು. ಇಷ್ಟು ವರ್ಷ ಜೋಪಾನ ಮಾಡಿದ ಹೆಸರು ಅಲ್ಲಿಗೆ ಮಣ್ಣುಪಾಲಾಯಿತು.

ದೋರನಹಳ್ಳಿಯಿಂದ ಮರಿಲಿಂಗಪ್ಪನ ಫೋನು ಬಂತು. "ಬಾಯಿಲೆ ನನಗ ಅಂದು, ಕೈಲೆ ಮನ್ಯಾಗ ಇಟಗೊಂಡ್ರಿ. ನಿಮ್ಮಂಥವರ ಸಂಬಂಧ ನಮಗ ಬ್ಯಾಡ್ರಿ" ಎಂದು ಇಟ್ಟುಬಿಟ್ಟ.

ಜೀಪು ಮನೆ ಮುಂದೆ ಬಂದು ನಿಂತಿತು. ಮೋನಮ್ಮ ಅದರ ಬಾನೆಟ್ ಮೇಲೆ ಮೆಣಸಿನಕಾಯಿ ಒಣಹಾಕಿದಳು. ರವಿವಾರ ಊರಿಗೆ ಬಂದ ಅಮೃತಮ್ಮ ಎಲ್ಲವನ್ನೂ ತಾಯಿಯಿಂದ ಕೇಳಿ ತಿಳಿದುಕೊಂಡು, ಕಟ್ಟೆಯ ಮೇಲೆ ಮುಖ ಇಳಿಬಿಟ್ಟುಕೊಂಡಿದ್ದ ತಂದೆಯ ಎದುರು ನಿಂತಳು.

"ಜೀಪ ಹೋತಂತ ಸಂಬಂಧ ಬಿಟ್ರು ಅವ್ರು. ಅಪ್ಪಾ, ಅವತ್ತ ಸವಾಲಿಗಿ ನಿಂತಿದ್ದು ಜೀಪೋ, ನಾನೋ?"

ವರದಕ್ಷಿಣೆ ಕೊಡುವವನಲ್ಲ ಎಂದು ಊರಿಗೆಲ್ಲ ಸಾರಿದ್ದ ಅಂಬ್ರಪ್ಪ ಎದ್ದು ಹೋಗಿ ಮೆಣಸಿನಕಾಯಿ ಮಗುಚತೊಡಗಿದ.