ಹತ್ತಿದವರು ಸೊನ್ನೆ

ಸರಾಸರಿ ಎಂಬ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದರೆ ದಯವಿಟ್ಟು ನನಗೆ ತೋರಿಸಿ. ಅವನ ಹತ್ತಿರ ನಾನು ಸ್ವಲ್ಪ ಮಾತಾಡುವುದಿದೆ. ಮಾತಾಡುವುದೆಂದರೆ ಬಯ್ಯುವುದು. ದೇಶದಲ್ಲಿ ಯಾವ ಕೆಲಸ ಕೆಟ್ಟರೂ ಅವನ ಹೆಸರು ಹೇಳುತ್ತಾರೆ. ಹುಡುಕಿಕೊಂಡು ಹೋದರೆ ಮಾತ್ರ ಆಸಾಮಿ ಯಾವ ಬೀದಿಯಲ್ಲೂ ಇಲ್ಲ, ಯಾವ ಮನೆಯ ಜಗುಲಿಯ ಮೇಲೂ ಕೂತಿಲ್ಲ.

ನಾನು ಕೆ.ಜಿ.ಎಫ್.ನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವವನು. ಆ ವಿಷಯವನ್ನು ಪ್ರೀತಿಯಿಂದ ಆರಿಸಿಕೊಂಡೆ ಎಂದು ಸುಳ್ಳು ಹೇಳಲಾರೆ. ಅರ್ಜಿ ಕೊಡುವ ದಿನ ಉಳಿದ ವಿಷಯಗಳ ಮುಂದೆ ಉದ್ದುದ್ದ ಸಾಲಿತ್ತು, ಇದರ ಮುಂದೆ ಒಬ್ಬ ಜವಾನ ನಿದ್ದೆ ಮಾಡುತ್ತಿದ್ದ. ನಮಗೆ ಪಾಠ ಹೇಳುವ ಮೇಷ್ಟ್ರು ಇಲ್ಲಿಯದೇ ಗಣಿ ಬಡಾವಣೆ ಮೈಸೂರು ಮೈನ್ಸ್ ಕಡೆಯವರು, ಅವರ ಕನ್ನಡದಲ್ಲಿ ತಮಿಳು ಬೆರೆತಿರುತ್ತದೆ. ಅವರ ಧ್ವನಿ ಅರ್ಧ ಬಾಯಿಂದ, ಅರ್ಧ ಮೂಗಿನಿಂದ ಹೊರಡುತ್ತದೆ. ಆ ಅರ್ಧ ಮೂಗು ನನಗೆ ಬಹಳ ಚೆನ್ನಾಗಿ ಬರುತ್ತದೆ. ಒಂದು ದಿನ ಅವರು ಬರುವ ಮುಂಚೆ ನಾನು ಅವರ ಹಾಗೆ ಕುತ್ತಿಗೆ ಓರೆ ಮಾಡಿ, "ಏನ್ಪಾ, ಮಧ್ಯಾಂಕ ಅಂದ್ರೆ ಏನು? ಸೊಲ್ಲಪ್ಪಾ!" ಎಂದಾಗ ಹಿಂದಿನ ಬೆಂಚಿನವನೊಬ್ಬ ದಡಬಡ ಎದ್ದು ಉತ್ತರ ಹೇಳಿಬಿಟ್ಟ. ತಪ್ಪು ಉತ್ತರ. ಬಾಗಿಲಲ್ಲಿ ನಿಂತಿದ್ದ ನಿಜವಾದ ಮೇಷ್ಟ್ರು ಅವನ ಉತ್ತರವನ್ನು ತಿದ್ದಿದರು, ನನ್ನನ್ನು ಹೊರಗೆ ಕಳಿಸಿದರು. ಸಂಖ್ಯಾಶಾಸ್ತ್ರದಲ್ಲಿ ನನಗೆ ಇರುವ ಅರ್ಧ ಜ್ಞಾನ ಹೀಗೆ ಕಿಟಕಿಯ ಹೊರಗೆ ನಿಂತು ಕೇಳಿದ್ದು.

ಹೊರಗೆ ನಿಂತೇ ಹೇಳುತ್ತೇನೆ, ಎಲ್ಲವನ್ನೂ ಕೂಡಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸಿದರೆ ಬರುವುದು ಸರಾಸರಿ. ಕೇಳಲು ಎಷ್ಟು ಸಾಧು! ನಾನು ಉಳಿದುಕೊಂಡಿರುವುದು ಚಿಕ್ಕಪ್ಪನ ಕ್ವಾರ್ಟರ್ಸಿನಲ್ಲಿ. ಚಿಕ್ಕಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಅವರ ಶೆಡ್ಡಿನಲ್ಲಿ ಒಬ್ಬ ಮಹಾನುಭಾವ ಎಲ್ಲರ ಪಾದ ಅಳೆದು, ಸರಾಸರಿ ತೆಗೆದು, ಅದೇ ಅಳತೆಯ ಬೂಟು ತರಿಸಿದ. ದೊಡ್ಡ ಪಾದದವರು ಬೂಟಿನ ಹಿಮ್ಮಡಿ ತುಳಿದುಕೊಂಡು ನಡೆದರು, ಸಣ್ಣ ಪಾದದವರು ಬಟ್ಟೆ ತುರುಕಿಕೊಂಡು ನಡೆದರು. ಸರಾಸರಿ ಪಾದವಿದ್ದವನು ಶೆಡ್ಡಿನಲ್ಲಿ ಒಬ್ಬನೂ ಇರಲಿಲ್ಲ. ಹಾಗೆಯೇ ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಬರುವ ರೈಲು. ಒಂದು ದಿನ ಹೊತ್ತಿಗೆ ಮುಂಚೆ ಹೊರಡುತ್ತದೆ, ಇನ್ನೊಂದು ದಿನ ತಡವಾಗಿ. ಸರಾಸರಿ ತೆಗೆದರೆ ಅದರಷ್ಟು ಸಮಯಪಾಲಕ ಇನ್ನೊಂದಿಲ್ಲ. ಪ್ಲಾಟ್‌ಫಾರಂ ಮೇಲೆ ಚೀಲ ಹಿಡಿದು ಓಡುವವನಿಗೆ ಈ ಸಮಾಧಾನ ಹೇಳಿ ನೋಡಿ, ಚೀಲದಿಂದಲೇ ಹೊಡೆದಾನು.

ಸರಾಸರಿಗೆ ಇಬ್ಬರು ತಮ್ಮಂದಿರಿದ್ದಾರೆ, ಅವರು ಅಷ್ಟು ಕೆಟ್ಟವರಲ್ಲ. ಡ್ರಿಲ್ ಮೇಷ್ಟ್ರು ಎತ್ತರದ ಪ್ರಕಾರ ಸಾಲು ನಿಲ್ಲಿಸಿದಾಗ ಸರಿಯಾಗಿ ನಡುವೆ ಸಿಕ್ಕಿಕೊಂಡವನ ಎತ್ತರವೇ ಮಧ್ಯಾಂಕ. ನಾನು ಯಾವಾಗಲೂ ಆ ಜಾಗದಲ್ಲೇ. ಮುಂದೆ ನಿಂತು ನಗಿಸಲು ಕುಳ್ಳನಲ್ಲ, ಹಿಂದೆ ಹೋಗಿ ಅವಿತುಕೊಳ್ಳಲು ಎತ್ತರವೂ ಇಲ್ಲ. ಇನ್ನೊಬ್ಬ ತಮ್ಮ ಬಹುಲಕ, ಎಂದರೆ ಹೆಚ್ಚು ಸಲ ಬರುವುದು. ಇದನ್ನು ಕಲಿಯಲು ಪುಸ್ತಕ ಬೇಡ. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನು ಮನೆಗಳ ನಡುವೆ ನಿಂತು "ಸೆಲ್ವಂ!" ಎಂದು ಒಮ್ಮೆ ಕೂಗಿ. ಎಷ್ಟು ಬಾಗಿಲಿಂದ ತಲೆಗಳು ಹೊರಬರುತ್ತವೆ ನೋಡಿ. ಅದು ಬಹುಲಕ. ಆಮೇಲೆ ನೀವು ಓಡಬೇಕಾಗುತ್ತದೆ, ಅದು ಬೇರೆ ಪಾಠ.

ಉಳಿದದ್ದು ಮಾದರಿ. ಇದರ ಬಗ್ಗೆ ನನ್ನ ಅವ್ವನಿಗಿಂತ ಚೆನ್ನಾಗಿ ಹೇಳುವವರಿಲ್ಲ, ಅವಳಿಗೆ ಆ ಪದ ಗೊತ್ತಿಲ್ಲವಷ್ಟೆ. ಮುದ್ದೆ ಬೆಂದಿದೆಯೇ ಎಂದು ಒದ್ದೆ ಬೆರಳಿಟ್ಟು ನೋಡುವ ಮುಂಚೆ ಅವಳು ಕೋಲಿನಿಂದ ತಳದ ತನಕ ತೊಳಸುತ್ತಾಳೆ. ತೊಳಸದೆ ಮೇಲೆ ಮೇಲೆ ಮುಟ್ಟಿ ನೋಡಿದರೆ ಬೆಂದ ಹಾಗೇ ಕಾಣುತ್ತದೆ, ತಟ್ಟೆಗೆ ಬಂದ ಮೇಲೆ ಹಸಿಹಿಟ್ಟಿನ ಗಂಟು ಸಿಗುತ್ತದೆ. ಇಡೀ ರಾಶಿಯನ್ನು ನೋಡಲಾಗದಾಗ ಒಂದಿಷ್ಟನ್ನು ನೋಡುವುದು ಮಾದರಿ. ಆ ಒಂದಿಷ್ಟನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದರಲ್ಲಿದೆ ಎಲ್ಲ. ಬಸ್ಸಿನ ಆಫೀಸಿನವರು ನಮ್ಮೂರನ್ನು ತೊಳಸದೆ ಮುಟ್ಟಿ ನೋಡಿದರು. ನನ್ನ ಸಿಟ್ಟಿನ ಕಥೆ ಅದು.

ನಮ್ಮೂರು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿದೆ. ಊರು ಒಳಗೆ, ರಸ್ತೆಗೆ ಸೇರುವಲ್ಲಿ ನಮ್ಮ ಗೇಟು. ಗೇಟು ಎಂದರೆ ಬಾಗಿಲಲ್ಲ, ನಮ್ಮ ಕಡೆ ಬಸ್ಸು ನಿಲ್ಲುವ ಜಾಗಕ್ಕೆಲ್ಲ ಗೇಟೇ. ಬೆಳಿಗ್ಗೆ ಕಾಮಸಮುದ್ರದಿಂದ ಹೊರಡುವ ಬಸ್ಸು ನಮ್ಮ ಗೇಟಿಗೆ ಬರುವ ಹೊತ್ತಿಗೆ ಉಸಿರಾಡಲೂ ಜಾಗವಿಲ್ಲದಷ್ಟು ತುಂಬಿರುತ್ತದೆ. ಡ್ರೈವರು ನಮ್ಮನ್ನು ನೋಡಿ ಒಂದು ಹಾರನ್ ಹೊಡೆದು ಹೋಗಿಬಿಡುತ್ತಾನೆ. ಆದರೆ ಅದಕ್ಕೆ ಮುಂಚಿನ ಗೇಟಿನಲ್ಲಿ ಒಂದು ಟೀ ಅಂಗಡಿಯಿದೆ. ಅಲ್ಲಿ ಅವನು ನಿಲ್ಲಿಸಲೇಬೇಕು, ಟೀ ಇಲ್ಲದೆ ಅವನ ಕಾಲು ಕ್ಲಚ್ಚಿನ ಮೇಲೆ ಇಳಿಯುವುದಿಲ್ಲ. ಆದ್ದರಿಂದ ನಮ್ಮೂರವರು ಎಷ್ಟೋ ಕಾಲದಿಂದ ಕೆರೆ ಕಟ್ಟೆಯ ಮೇಲೆ ಹಿಂದಕ್ಕೆ ನಡೆದು ಟೀ ಗೇಟಿನಲ್ಲಿ ಬಸ್ಸು ಹತ್ತುತ್ತಾರೆ. ನಿಂತ ಬಸ್ಸಿನೊಳಗೆ ತೂರಿಕೊಳ್ಳುವ ವಿದ್ಯೆ ನಮಗೆ ಬರುತ್ತದೆ. ಓಡುವ ಬಸ್ಸನ್ನು ನಿಲ್ಲಿಸುವ ವಿದ್ಯೆ ಬರುವುದಿಲ್ಲ. ಸಂಜೆ ಮಾತ್ರ ಆರಾಮ. ಬಂಗಾರಪೇಟೆಯಿಂದ ವಾಪಸು ಬರುವಾಗ ಒಳಗಿದ್ದವರು ಗಂಟೆ ಎಳೆದರೆ ಬಸ್ಸು ನಮ್ಮ ಗೇಟಿನಲ್ಲೇ ಇಳಿಸುತ್ತದೆ.

ಆಫೀಸಿನವರು ಒಬ್ಬ ಗುಮಾಸ್ತನನ್ನು ಕಳಿಸಿ ಪ್ರತಿಯೊಂದು ಗೇಟಿನಲ್ಲೂ ಎಷ್ಟು ಜನ ಹತ್ತುತ್ತಾರೆ ಎಂದು ಎಣಿಸಿದರು. ನಮ್ಮ ಗೇಟಿನಲ್ಲಿ ಸೊನ್ನೆ. ಬಸ್ಸು ಬೇಕಾದವರು ಹೆಚ್ಚಾಗಿ, ಅದು ನಿಲ್ಲದೆ ಹೋಗುವುದಕ್ಕೆ ನಾವು ಹಿಂದಕ್ಕೆ ನಡೆದರೆ, ನಮಗೆ ಬಸ್ಸೇ ಬೇಡ ಎಂದು ತೀರ್ಮಾನ! ಗೇಟು ರದ್ದಾಯಿತು. ಬೆಳಿಗ್ಗೆ ನಮಗೇನೂ ನಷ್ಟವಿಲ್ಲ. ಸಂಜೆ ಬಸ್ಸು ನಮ್ಮನ್ನು ಹೊತ್ತುಕೊಂಡೇ ಟೀ ಗೇಟಿಗೆ ಹೋಗತೊಡಗಿತು.

ನನ್ನ ತಂಗಿ ಗಿರಿಜಾ ಬಂಗಾರಪೇಟೆಯಲ್ಲಿ ಪಿಯುಸಿ ಓದುತ್ತಾಳೆ. ಅವಳಿಗೂ ಸಂಖ್ಯಾಶಾಸ್ತ್ರವೇ, ನನ್ನ ಹಾಗಲ್ಲ, ಅರ್ಥ ಮಾಡಿಕೊಂಡು ಓದುತ್ತಾಳೆ. ಕತ್ತಲಾಗುವ ಹೊತ್ತಿಗೆ ಕೆರೆ ಕಟ್ಟೆಯ ಮೇಲೆ ಒಂಟಿಯಾಗಿ ನಡೆದು ಬರಬೇಕಾಯಿತು. ಮೊದಮೊದಲು ಅಪ್ಪ ಬ್ಯಾಟರಿ ಹಿಡಿದು ಟೀ ಗೇಟಿಗೆ ಹೋದ. ಆದರೆ ಅದೇ ಹೊತ್ತಿಗೆ ಹಸು ಕರೆದು ಹಾಲನ್ನು ಡೇರಿಗೆ ಹಾಕಬೇಕು, ಆ ಹಸುವೋ ಅಪ್ಪನ ಕೈಗಲ್ಲದೆ ಬೇರೆ ಕೈಗೆ ಹಾಲಿಳಿಸುವುದಿಲ್ಲ. ಭಾನುವಾರ ನಾನು ಮನೆಗೆ ಹೋದಾಗ ಅಪ್ಪ ತೀರ್ಪು ಕೊಟ್ಟ.

"ಲೇ, ಇನ್ನೊಂದ್ ಸಲ ಎಣಿಸ್ತಾರಂತೆ, ಅರ್ಜಿ ಕೊಟ್ಟಿದ್ವಲ್ಲ. ಅದ್ರಾಗೂ ಬಸ್ಸು ನಿಲ್ಲಲ್ಲ ಅಂದ್ರೆ ಗಿರಿಜಾ ಮನೇಲಿರ್ಲಿ. ಓದಿದ್ದು ಸಾಕು."

"ನನ್ ಓದು ಬಸ್ಸಿನೋರ್ ಕೈಲಿ ಐತಾ ಅಪ್ಪಾ?" ಎಂದಳು ಗಿರಿಜಾ.

"ನನ್ ಕೈಲಂತೂ ಇಲ್ಲಮ್ಮ. ಇರೋವೆರ್ಡು ಕೈನೂ ಅಸು ಕೆಚ್ಚಲಾಗವೆ."

ಅವಳು ನನ್ನ ಕಡೆ ತಿರುಗಿದಳು. "ನೀನ್ ಅಣಕಿಸೋದು ಬಿಟ್ಟು ಏನಾದ್ರೂ ಮಾಡಣ್ಣ." ನಾನು ಆಗ ಅಪ್ಪನ ಹಾಗೆ ಮೀಸೆ ತಿರುವುತ್ತಿದ್ದೆ. ಬಿಟ್ಟೆ.

ಮರು ಎಣಿಕೆಯ ದಿನ ನಾನು ಕಾಲೇಜಿಗೆ ಚಕ್ಕರ್ ಹೊಡೆದು ಊರಿನಲ್ಲಿದ್ದೆ. ಯಾರೂ ಟೀ ಗೇಟಿಗೆ ಹೋಗಕೂಡದು, ಎಲ್ಲರೂ ನಮ್ಮ ಗೇಟಿನಲ್ಲೇ ಹತ್ತಬೇಕು ಎಂದು ಮನೆಮನೆಗೆ ಹೇಳಿಬಂದಿದ್ದೆ. ಪೇಟೆಯಲ್ಲಿ ಕೆಲಸವಿದ್ದವರೂ ಬಂದರು, ಇಲ್ಲದವರೂ ಬಂದರು. ಒಬ್ಬಜ್ಜಿ ಎಲ್ಲಿಗೆ ಹೋಗುತ್ತೇನೆಂದು ಗೊತ್ತಿಲ್ಲದೆಯೇ ಹೊಸ ಸೀರೆ ಉಟ್ಟು ನಿಂತಿದ್ದಳು. ಗುಮಾಸ್ತ ಬೇವಿನ ಮರದ ಕೆಳಗೆ ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದ. ಆವತ್ತು ಎರಡು ಹೊತ್ತೂ ನಮ್ಮ ಗೇಟಿನಲ್ಲಿ ನಿಲ್ಲಿಸಬೇಕೆಂದು ಡ್ರೈವರಿಗೆ ಹೇಳಿಯೂ ಇದ್ದರು.

ಬಸ್ಸು ಬಂತು. ಟೀ ಗೇಟಿನಲ್ಲಿ ನಾವಿಲ್ಲದೆ ಉಳಿದ ಜಾಗವನ್ನು, ಯಾವತ್ತೂ ಜಾಗ ಸಿಗದ ಆ ಕಡೆಯ ಊರಿನವರು ಸಂತೋಷದಿಂದ ತುಂಬಿಬಿಟ್ಟಿದ್ದರು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಡ್ರೈವರು ನಮ್ಮ ಜಾತ್ರೆಯನ್ನು ಕಂಡ, ಕಣ್ಣರಳಿಸಿದ, ಹಾರನ್ ಹೊಡೆದ, ಹೋದ. ಧೂಳು ಕೂತ ಮೇಲೆ ನೋಡುತ್ತೇವೆ, ಗುಮಾಸ್ತ ಶಾಂತವಾಗಿ ಬರೆಯುತ್ತಿದ್ದಾನೆ: ಹತ್ತಿದವರು, ಸೊನ್ನೆ.

"ಸ್ವಾಮಿ, ಇಷ್ಟು ಜನ ನಿಂತಿರೋದು ಕಣ್ಣಿಗೆ ಕಾಣ್ಸಲ್ವಾ?" ಎಂದ ಅಪ್ಪ.

"ಕಾಣ್ತದೆ ಯಜಮಾನ್ರೆ. ಅತ್ತಿದವರನ್ನ ಬರ್ಕೋ ಅಂದವ್ರೆ. ನಿಂತೋರಿಗೆ ಹಾಳೇಲಿ ಜಾಗ ಕೊಟ್ಟಿಲ್ಲ."

"ನೀವೂ ಅದೇ ಬಸ್ಸಿಗೆ ಓಗ್ಬೇಕಿತ್ತಲ್ಲ. ನಿಮ್ಮನ್ನಾದ್ರೂ ಬರ್ಕೊಳ್ಳಿ!" ಎಂದು ನಾನು ಕಿರುಚಿದೆ.

"ನಾನೂ ಅತ್ತಲಿಲ್ವಲ್ಲಪ್ಪ," ಎಂದ ಅವನು ಅಷ್ಟೇ ಶಾಂತವಾಗಿ.

ಆಮೇಲೆ ಅವನೂ ಗಿರಿಜಾಳೂ ಡೇರಿಯ ವ್ಯಾನು ಹತ್ತಿ, ಹಾಲಿನ ಕ್ಯಾನುಗಳ ನಡುವೆ ಕೂತು ಬಂಗಾರಪೇಟೆಗೆ ಹೋದರು. ಸಂಜೆಯ ಎಣಿಕೆಗೆ ಮತ್ತೆ ಬರುತ್ತೇನೆಂದು ಹೇಳಿಹೋದ. ಬಂದು ಮಾಡುವುದೇನು? ನಮ್ಮ ಗೇಟಿನಿಂದ ಸಂಜೆ ಹೊತ್ತು ಕಾಮಸಮುದ್ರದ ಕಡೆ ಹೋಗುವವರು ಯಾರೂ ಇಲ್ಲ. ಇಳಿಯುವವರಿಗೂ ಅವನ ಹಾಳೆಯಲ್ಲಿ ಜಾಗವಿಲ್ಲ.

ಆ ಹಗಲು ಪೂರ್ತಿ ನಾನು ಜಗುಲಿಯಲ್ಲಿ ಕೂತು ಕುದಿದೆ. ಹಿಂದೆ ಅರಸರು ತಲೆ ಎಣಿಸಿದ್ದು ಕಂದಾಯ ಎತ್ತಲು, ಇಲ್ಲವೇ ಯುದ್ಧಕ್ಕೆ ಆಳು ಹಿಡಿಯಲು. ಎಣಿಕೆಗೆ ಸಿಗದವನು ಪುಣ್ಯವಂತ, ಗುಡ್ಡಕ್ಕೆ ಓಡಿಹೋಗಿ ಆರಾಮವಾಗಿದ್ದ. ಈಗ ನೋಡಿ, ನಾವೇ ಹೊಸ ಸೀರೆ ಉಟ್ಟು ಎಣಿಸಿಕೊಳ್ಳಲು ನಿಂತರೂ ಎಣಿಸುವುದಿಲ್ಲ. ಲೆಕ್ಕಕ್ಕೆ ಬಂದವನನ್ನು ಗಣ್ಯ ಎನ್ನುತ್ತೇವೆ, ಬಾರದವನನ್ನು ನಗಣ್ಯ ಎನ್ನುತ್ತೇವೆ. ಭಾಷೆ ಮಾಡಿದ ಪುಣ್ಯಾತ್ಮನೂ ಯಾವುದೋ ಬಸ್ಸು ತಪ್ಪಿಸಿಕೊಂಡವನೇ ಇರಬೇಕು. ಸೊನ್ನೆಯಲ್ಲಿ ಎರಡು ಜಾತಿಯಿದೆ, ಯಾರೂ ಇಲ್ಲದ ಸೊನ್ನೆ, ಎಲ್ಲರೂ ಇದ್ದು ಬಂದ ಸೊನ್ನೆ. ಕಾಗದದ ಮೇಲೆ ಎರಡೂ ಒಂದೇ ಥರ ದುಂಡಗಿರುತ್ತವೆ. ಇದನ್ನು ನಮ್ಮ ಪುಸ್ತಕದಲ್ಲಿ ಯಾಕೆ ಬರೆಯುವುದಿಲ್ಲ? ನನಗೆ ಸಿಟ್ಟು ಬರಿಸಲೆಂದೇ ಇರಬೇಕು.

ಸಂಜೆ ಅಪ್ಪನೂ ನಾನೂ ಗೇಟಿನಲ್ಲಿ ನಿಂತೆವು. ಗುಮಾಸ್ತ ವ್ಯಾನಿನಲ್ಲೇ ವಾಪಸು ಬಂದು ಅದೇ ಬೇವಿನ ಮರದ ಕೆಳಗಿದ್ದ. ಅಪ್ಪ ಮೀಸೆ ಮುಟ್ಟದೆ ರಸ್ತೆಯನ್ನೇ ನೋಡುತ್ತಿದ್ದ. ಅಣಕಿಸಲು ನನಗೆ ಏನೂ ಸಿಗಲಿಲ್ಲ.

ಬಸ್ಸು ಬಂದು ನಿಂತಿತು. ಗಿರಿಜಾ ಒಳಗೆಲ್ಲೋ ನಡುವೆ ಸಿಕ್ಕಿಕೊಂಡಿದ್ದಳು. "ಇಳೀರಿ, ಇಳೀರಿ, ಉಡುಗಿ ಇಳೀಬೇಕು, ದಾರಿ ಬಿಡ್ರಿ!" ಎಂದು ಕಂಡಕ್ಟರು ಕೂಗಿದ. ಬಾಗಿಲಲ್ಲಿ ಜೋತುಬಿದ್ದವರು ಇಳಿದರು. ಮೆಟ್ಟಿಲ ಮೇಲಿನವರು ಇಳಿದರು. ಅವರ ಹಿಂದಿನವರು, ಕೋಳಿ ಬುಟ್ಟಿಯ ಹೆಂಗಸು, ಖಾಲಿ ಕ್ಯಾನು ಹಿಡಿದವನು, ಎಲ್ಲರೂ ಒಬ್ಬೊಬ್ಬರಾಗಿ ಇಳಿದು ರಸ್ತೆಯ ಪಕ್ಕ ನಿಂತರು. ಕೊನೆಗೆ ಜಡೆ ಬಿಚ್ಚಿಹೋಗಿದ್ದ ಗಿರಿಜಾ ಪುಸ್ತಕ ಅವುಚಿಕೊಂಡು ಇಳಿದಳು. ಆಮೇಲೆ ಇಳಿದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮತ್ತೆ ಹತ್ತಿದರು.

ಗುಮಾಸ್ತ ಗೀಟು ಹಾಕಿದ. ಇನ್ನೊಂದು ಗೀಟು. ಮತ್ತೊಂದು. ಪೆನ್ಸಿಲ್ ನಿಲ್ಲಲೇ ಇಲ್ಲ.

ಗಿರಿಜಾ ಇಣುಕಿ ನೋಡಿದಳು. "ಸಾರ್, ಅವ್ರು ನಮ್ಮೂರೋರಲ್ಲ, ಸುಮ್ನೆ ಇಳಿದು…"

"ಗಿರಿಜಾ," ಎಂದ ಅಪ್ಪ, "ಅಸು ಕೂಗ್ತಾ ಐತೆ. ನಡಿ."

ಹಸು ಇದ್ದದ್ದು ಊರಿನ ಆಚೆ ತುದಿಯಲ್ಲಿ. ಅದು ಕೂಗಿದ್ದರೂ ಕೇಳುವಂತಿರಲಿಲ್ಲ. ನಾನು ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದೆ. ಗುಮಾಸ್ತ ತಲೆಯೆತ್ತದೆ ಹೇಳಿದ: "ಅತ್ತಿದವರನ್ನ ಎಣ್ಸು ಅಂದ್ರು, ಎಣಿಸ್ದೆ. ಯಾವೂರು ಅಂತ ಕೇಳು ಅಂದಿಲ್ಲಮ್ಮ." ಅವನು ಪೆದ್ದನೋ ದೇವರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸಂಜೆ ಹೊತ್ತು ಸಾಕಷ್ಟು ಪ್ರಯಾಣಿಕರು ಹತ್ತುತ್ತಿರುವುದು ಕಂಡುಬಂದಿರುವುದರಿಂದ ನಮ್ಮ ಗೇಟನ್ನು ಮುಂದುವರಿಸಲಾಗಿದೆ ಎಂದು ಆಫೀಸಿನಿಂದ ತಿಳಿಸಿದರು. ನಾನು ಮೇಷ್ಟ್ರಿಗೆ ಎಲ್ಲ ಹೇಳಿ, ಇದನ್ನು ಏನೆಂದು ಕರೆಯಬೇಕು ಎಂದು ಕೇಳಿದೆ. ಅವರು ಅರ್ಧ ಮೂಗಿನಲ್ಲಿ ಯೋಚಿಸಿದರು. "ಉತ್ತರ ಸರಿ, ವಿಧಾನ ತಪ್ಪು. ಪರೀಕ್ಷೇಲಿ ಆದ್ರೆ ಅರ್ಧ ಮಾರ್ಕು ಕೊಡ್ತೀನಪ್ಪಾ."

"ಬಸ್ಸು ಅರ್ಧ ನಿಲ್ಲೋಕಾಗಲ್ವಲ್ಲ ಸಾರ್," ಎಂದೆ. ಮತ್ತೆ ಕಿಟಕಿಯ ಹೊರಗೆ ಹೋದೆ.

ಮುಂದಿನ ಶನಿವಾರ ಗಿರಿಜಾಳ ಜೊತೆ ಅದೇ ಸಂಜೆ ಬಸ್ಸಿನಲ್ಲಿ ಊರಿಗೆ ಹೊರಟೆ. ಅವಳು ಒಳಗೆ, ನಾನು ಮೆಟ್ಟಿಲ ಮೇಲೆ. ನಮಗಿಂತ ಮುಂಚಿನ ಯಾವುದೋ ಊರಿನ ಗೇಟಿನಲ್ಲಿ ಒಬ್ಬ ಮುದುಕ ಇಳಿಯಬೇಕಾಯಿತು. "ಇಳೀರಿ, ಇಳೀರಿ!" ಇಳಿದೆ. ಮುದುಕ ಕೋಲೂರಿಕೊಂಡು ಇಳಿದ, ನಾನು ಹತ್ತಿದೆ. ಆ ಊರಿನಲ್ಲಿ ನನಗೆ ಯಾರೂ ಗೊತ್ತಿಲ್ಲ, ಅದರ ಹೆಸರನ್ನೂ ನಾನು ಕೇಳಿಕೊಂಡಿಲ್ಲ. ಅಲ್ಲಿಯೂ ಮರದ ಕೆಳಗೆ ಯಾರಾದರೂ ಪೆನ್ಸಿಲ್ ಹಿಡಿದು ಕೂತಿರಬಹುದು ಅನ್ನಿಸಿತು. ಅಲ್ಲಿಯೂ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಇದ್ದಾಳು. ಯಾವುದಕ್ಕೂ ಇರಲಿ ಎಂದು ಇನ್ನೊಂದು ಸಲ ಇಳಿದು ಹತ್ತಿದೆ. ಕಂಡಕ್ಟರು ನನ್ನ ವಂಶವನ್ನೆಲ್ಲ ನೆನೆಸಿಕೊಂಡು ಬೈದ. ಬೈಗುಳ ಚೆನ್ನಾಗಿತ್ತು, ಕಲಿತುಕೊಂಡೆ.