ಹೊಸತು ಉಂಡ ದಿನ

ಬೆಳಿಗ್ಗೆ ಹಾಲು ಒಲೆಗಿಟ್ಟು, ಅದು ಉಕ್ಕುವುದರೊಳಗೆ ಕಿಟಕಿಯ ದಂಡೆ ಒರೆಸುವುದು ನನ್ನ ರೂಢಿ. ಒರೆಸಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದೂ ರೂಢಿಯೇ. ಮುಂಬಯಿಯ ಈ ವಿಕ್ರೋಳಿಯಲ್ಲಿ ಅದು ಬೆಳ್ಳಗೆ ಉಳಿದ ದಿನ ನೆನಪಿಲ್ಲ. ಸೊಸೆ ಹೆರಿಗೆ ರಜೆ ಮುಗಿಸಿ ಅಂಧೇರಿಯ ಆಫೀಸಿಗೆ ಮರಳಿದ ಮೇಲೆ ಮೊಮ್ಮಗಳು ನನ್ನ ಪಾಲಿಗೆ ಬಂದಿದ್ದಳು. ಲೋಕಲ್ ರೈಲಿನ ಹಳಿಯ ಪಕ್ಕ ಮೋರಿ ನೀರು ಹಾಯಿಸಿ ಪಾಲಕ್ ಬೆಳೆಯುವುದನ್ನು ಕಂಡಿದ್ದೆ. ಮತ್ತೆ ಆ ಸೊಪ್ಪು ಮನೆಗೆ ತರಲಿಲ್ಲ.

ಆ ದಿನ ಹೊಸತು ಊಟ. ವರ್ಷದ ಮೊದಲ ಭತ್ತದ ತೆನೆಯನ್ನು ಬಾಗಿಲಿಗೆ ಕಟ್ಟಿ, ಕೆಲವು ಕಾಳು ಸುಲಿದು ಪಾಯಸಕ್ಕೆ ಹಾಕಿ ಉಣ್ಣುವುದು ನಮ್ಮ ಕರಾವಳಿಯ ಕ್ರಮ. ಆರು ತಿಂಗಳು ದಾಟಿದ ಮಗುವಿಗೆ ಮೊದಲ ಅನ್ನವೂ ಅದೇ ಆಗಲಿ ಎಂದುಕೊಂಡಿದ್ದೆವು. ನಮ್ಮ ಊರ ಕಡೆಯವಳೇ ಆದ ಎದುರುಮನೆಯಾಕೆ, ಕೆಲಸಕ್ಕೆ ಓಡುವ ಅವಸರದಲ್ಲಿ, ಎಂದಿನಂತೆ ತನ್ನ ಅಣ್ಣ ಊರಿನಿಂದ ಬಸ್ಸಿಗೆ ಹಾಕುವ ತೆನೆಯ ಚೀಲವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗಿದ್ದಳು.

ಮೇಲೆ ಇಣುಕಿದ ಒಂದು ತೆನೆ ಹಿಡಿದು ನೋಡಿದೆ. ತೀರಾ ಹಸಿ. ರಾತ್ರಿಯಿಡೀ ಬಸ್ಸಿನಲ್ಲಿ ಬಂದದ್ದು ಹೀಗಿರುತ್ತದೆಯೇ? ಎಲೆ ಸವರಿದರೆ ಬೆರಳಿಗೆ ಬೂದು ಪುಡಿ ಹತ್ತಿತು.

"ಇದು ಊರಿನದ್ದಲ್ಲ. ಇಲ್ಲೇ ಯಾವುದೋ ಮೋರಿಯ ಬದಿಯದ್ದು," ಎಂದೆ.

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ಸಂಶಯಪಡುವುದನ್ನೂ ಕಾನ್ವೆಂಟಿನಲ್ಲೇ ಕಲಿಸಿದ್ರಾ ನಿಂಗೆ? ನಮ್ಮ ಬಾಗಿಲಲ್ಲಿ ನೇತಾಡಿದ ಮೇಲೆ ನಮ್ಮ ಧೂಳು ಹತ್ತದೆ ಇರ್ತದಾ?"

"ನಿಮಗೆ ಧೂಳು ಅಂದ್ರೆ ಗಂಧ."

"ಹೌದು ಮತ್ತೆ. ಕಾರ್ಖಾನೆಯ ಅನ್ನ ಉಂಡವ ನಾನು. ಇಷ್ಟು ದೊಡ್ಡ ದೇಶ, ಅಕ್ಕಿಯೂ ಬೇಕು, ಸಿಮೆಂಟೂ ಬೇಕು. ಧೂಳು ಎಲ್ಲಿಗೆ ಹೋಗ್ಬೇಕು ಹೇಳು?"

"ಮಗುವಿನ ಬಾಯಿಗಂತೂ ಬೇಡ."

ಚೀಲವನ್ನು ಪೂರ್ತಿ ಬಿಚ್ಚಿದೆ. ಒಳಗೆ ಒದ್ದೆ ಪೇಪರು, ಕನ್ನಡದ್ದು, ಊರ ಕಡೆಯ ಸುದ್ದಿ, ನಿನ್ನೆಯ ತಾರೀಖು. ಕಟ್ಟು ಬಾಳೆಯ ನಾರಿನದ್ದು. ಊರಿನದ್ದೇ! ಒಳ್ಳೆಯ ಹೆಂಗಸಿನ ಮೇಲೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯಾಯಿತು. ತೆನೆ ತೊಳೆದು, ಉಗುರಿನಿಂದ ಕಾಳು ಸುಲಿದು ಪಾಯಸಕ್ಕೆ ಹಾಕಿದೆ. ಉಣ್ಣುವ ಮೊದಲು ಚಿಕ್ಕವರು ಹಿರಿಯರಿಗೆ "ಹೊಸತು ಉಣ್ತೇನೆ" ಎಂದು ಹೇಳಬೇಕು. ಮಗುವಿನ ಪರವಾಗಿ ನಾನೇ ಹೇಳಿದೆ. ಯಜಮಾನರು "ಉಣ್ಣು ಮಗಾ" ಅಂದರು. ಒಂದು ಕಾಳನ್ನು ಬೆರಳಲ್ಲಿ ನುರಿದು ನಾಲಿಗೆಗೆ ಹಚ್ಚಿದೆ. ಮಗು ಚಪ್ಪರಿಸಿ, ಇನ್ನೂ ಬೇಕೆಂದು ನನ್ನ ಬೆರಳು ಹಿಡಿಯಿತು. ಇನ್ನೆರಡು ಕೊಟ್ಟೆ.

ಸಂಜೆ ಎದುರುಮನೆಯಾಕೆ ಲಿಫ್ಟಿನಿಂದ ಇಳಿದಳು. ಬಟ್ಟಲಲ್ಲಿ ಪಾಯಸ ಕೊಟ್ಟು, "ಅಣ್ಣನ ಗದ್ದೆಯದ್ದಲ್ವಾ?" ಎಂದೆ.

"ಹೌದು ಅಕ್ಕ, ಗದ್ದೆಬದಿಯ ಫ್ಯಾಕ್ಟರಿ ದೊಡ್ಡದಾದ ಮೇಲೆ ಬೂದಿ ಬಿದ್ದು ಬಿದ್ದು ಅದೊಂದು ತುಂಡು ಉಳಿದದ್ದು." ಆಕೆ ಚಪ್ಪಲಿ ಕಳಚುತ್ತ, ಬೀಗದ ಕೈ ಹುಡುಕುತ್ತ ಹೇಳಿದಳು. "ಅದರ ಅಕ್ಕಿ ಅಣ್ಣನ ಮನೆಯವರೇ ಉಣ್ಣುವುದಿಲ್ಲ ಮಾರಾಯ್ರೆ, ಅಂಗಡಿಯಿಂದ ತರುವುದು. ಇಲ್ಲಿ ಮುಂಬಯಿಯಲ್ಲಿ ತೆನೆ ಬಾಗಿಲಿಗೆ ಕಟ್ಲಿಕ್ಕೆ ಮಾತ್ರ ಅಲ್ವಾ, ಎಂತ ಆಗ್ತದೆ?"